ಕುರ್ಚಿಯ ಅಂಚಿನಲ್ಲಿ ಕುಳಿತುಕೊಳ್ಳುವುದನ್ನು ನಿಯಂತ್ರಿಸುವ ಬಗ್ಗೆ

ಕ್ರಮಾಂಕ: ಆಸನ / ಅಂಚು / ಪೂರ್ಣ-ಅಪೂರ್ಣ / 07

ಸುತ್ತೋಲೆ

ವಿಷಯ: ಮಹಾವಿದ್ಯಾಲಯದ ವಾಚನಾಲಯದಲ್ಲಿ ಮೊದಲ ತಲೆಮಾರಿನ ವಿದ್ಯಾರ್ಥಿಗಳು ಕುರ್ಚಿಯ ಮುಂಭಾಗದ ಅಂಚನ್ನು ಮಾತ್ರ ಬಳಸುತ್ತಿದ್ದು, ಸದರಿ ಕುರ್ಚಿಗಳು ಅಸಮವಾಗಿ ಸವೆಯುತ್ತಿರುವ ಕುರಿತು.

ಉಲ್ಲೇಖ:
1. ಪೀಠೋಪಕರಣ ತಪಾಸಣಾಧಿಕಾರಿಗಳ ವರದಿ.
2. ವಾಚನಾಲಯದ ಮೇಲ್ವಿಚಾರಕರ ಮೌಖಿಕ ದೂರು, ತದನಂತರ ಲಿಖಿತ ದೂರು, ತದನಂತರ ನಿಟ್ಟುಸಿರು.
3. ಎರಡನೇ ವರ್ಷದ ವಿದ್ಯಾರ್ಥಿನಿಯೊಬ್ಬಳ ವಿಚಾರಣೆಯ ನಡಾವಳಿ.

ಪ್ರಸ್ತಾವನೆ

ವಾಚನಾಲಯದ ಕಿಟಕಿಯ ಪಕ್ಕದಲ್ಲಿ ಒಂದು ಕುರ್ಚಿ. ಅದರಲ್ಲಿ ಯಾರೂ ಇಲ್ಲ. ಬೆಳಗಿನ ಬಿಸಿಲು ಓರೆಯಾಗಿ ಬಂದು ಅದರ ಒಂದು ಕೈಯ ಮೇಲೆ ಒರಗಿದೆ. ಇನ್ನೊಂದು ಕೈ ನೆರಳಿನಲ್ಲಿದೆ. ಬೆನ್ನಿನ ಹಲಗೆಗೆ ಅಂಗಡಿಯಿಂದ ಬಂದ ದಿನದ ಪ್ಲಾಸ್ಟಿಕ್ ಹೊದಿಕೆ ಹಾಗೆಯೇ ಇದ್ದು, ಅದರ ಒಂದು ಸುಕ್ಕಿನಲ್ಲಿ ಬೆಳಕಿನ ಗೆರೆಯೊಂದು ಸಿಕ್ಕಿಕೊಂಡಿದೆ. ಆಸನದ ಹಿಂಭಾಗದಲ್ಲಿ ವಾರ್ನಿಶ್ ಇನ್ನೂ ಹೊಸದು. ಅದರ ಮೇಲೆ ಯಾರ ಬಟ್ಟೆಯೂ ಒರೆಸದ ತೆಳು ಧೂಳು. ಮುಂಭಾಗದಲ್ಲಿ ಮಾತ್ರ, ಅಂಗೈಯಗಲದ ಒಂದು ಪಟ್ಟಿಯಲ್ಲಿ, ಬಣ್ಣ ಹೋಗಿ ಮರದ ಮೈ ಕಾಣುತ್ತಿದೆ. ಹೊಳೆಯ ನೀರು ಉಜ್ಜಿದ ಕಲ್ಲಿನ ಹಾಗೆ ಅದು ನುಣುಪಾಗಿದೆ. ಆ ನುಣುಪನ್ನು ನೋಡಿದರೆ, ಇಲ್ಲಿ ಯಾರೋ ಬಹಳ ಕಾಲದಿಂದ ಏಳಲು ಸಿದ್ಧರಾಗಿ ಕುಳಿತಿದ್ದರು ಎನಿಸುತ್ತದೆ.

(ಮೇಲಿನ ಕಂಡಿಕೆಯನ್ನು ಉಲ್ಲೇಖ 1ರ ವರದಿಯಿಂದ ಯಥಾವತ್ತಾಗಿ ಎತ್ತಿಕೊಳ್ಳಲಾಗಿದೆ. ಸದರಿ ತಪಾಸಣಾಧಿಕಾರಿಯು ಯೌವನದಲ್ಲಿ ಕವಿತೆ ಓದುತ್ತಿದ್ದರೆಂದು ತಿಳಿದುಬಂದಿದ್ದು, ಅವರಿಗೆ ಪ್ರತ್ಯೇಕವಾಗಿ ಎಚ್ಚರಿಕೆ ನೀಡಲಾಗಿದೆ. ವರದಿಯನ್ನು ಮರದ ಸವೆತದ ಮಟ್ಟಿಗೆ ಮಾತ್ರ ಒಪ್ಪಲಾಗಿದೆ.)

ವಿಷಯವನ್ನು ಕೂಲಂಕಷವಾಗಿ ಪರಿಶೀಲಿಸಲಾಗಿ, ಕುರ್ಚಿಗಳಲ್ಲಿ ದೋಷವಿಲ್ಲವೆಂದೂ, ದೋಷವು ಕುಳಿತುಕೊಳ್ಳುವವರಲ್ಲಿಯೇ ಇದೆಯೆಂದೂ ಇಲಾಖೆಗೆ ಮನವರಿಕೆಯಾಗಿರುತ್ತದೆ. ಆದ್ದರಿಂದ ಸಂಬಂಧಪಟ್ಟ ಎಲ್ಲರ ಗಮನಕ್ಕೆ ಈಗಾಗಲೇ ಪ್ರಾಯೋಗಿಕವಾಗಿ ಜಾರಿಯಲ್ಲಿರುವ ಈ ಕೆಳಕಂಡ ಸೂಚನೆಗಳನ್ನು ಅಧಿಕೃತವಾಗಿ ಹೊರಡಿಸಲಾಗಿದೆ.

1. ವ್ಯಾಖ್ಯೆಗಳು

(ಅ) "ಮೊದಲ ತಲೆಮಾರಿನ ವಿದ್ಯಾರ್ಥಿ" ಎಂದರೆ, ಯಾರ ಮನೆಯಲ್ಲಿ ಈ ಹಿಂದೆ ಯಾರೂ ಮಹಾವಿದ್ಯಾಲಯದ ಮೆಟ್ಟಿಲು ಹತ್ತಿಲ್ಲವೋ ಅವರು. ಮೆಟ್ಟಿಲನ್ನು ಕಟ್ಟಲು, ತೊಳೆಯಲು ಅಥವಾ ಅದರ ಮೇಲೆ ಪೀಠೋಪಕರಣ ಹೊತ್ತು ಸಾಗಿಸಲು ಹತ್ತಿದ್ದಲ್ಲಿ, ಅದನ್ನು ಹತ್ತಿದಂತೆ ಪರಿಗಣಿಸತಕ್ಕದ್ದಲ್ಲ.

(ಆ) "ಪೂರ್ಣಾಸೀನ" ಎಂದರೆ, ಬೆನ್ನು ಹಲಗೆಗೆ ತಾಗಿ, ಎರಡೂ ಮೊಣಕೈಗಳು ಕುರ್ಚಿಯ ಕೈಗಳ ಮೇಲೆ ನೆಲೆಸಿ, ಈ ಏರ್ಪಾಡು ತನ್ನ ಅಜ್ಜನ ಕಾಲದಿಂದಲೂ ಹೀಗೇ ಇದೆ ಎಂಬ ಭಾವವು ಮುಖದಲ್ಲಿ ಇರುವ ಸ್ಥಿತಿ.

(ಇ) "ಅಂಚಾಸೀನ" ಎಂದರೆ, ಬಸ್ಸು ಬರುವ ಸದ್ದು ಕೇಳಿದ ಪ್ರಯಾಣಿಕನಂತೆ ಆಸನದ ತುದಿಗೆ ಬಂದು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಎರಡೂ ಪಾದಗಳನ್ನು ನೆಲಕ್ಕೆ ಒತ್ತಿ ಹಿಡಿದಿರುವ ಸ್ಥಿತಿ.

ಈ ಪದಗಳು ನಿಘಂಟಿನಲ್ಲಿ ಇಲ್ಲವೆಂದು ಭಾಷಾ ಪ್ರಾಧ್ಯಾಪಕರು ಆಕ್ಷೇಪಿಸಿದ್ದು, ನಿಘಂಟನ್ನು ತಿದ್ದಿಕೊಳ್ಳುವಂತೆ ಅವರಿಗೆ ಸೂಚಿಸಲಾಗಿದೆ.

2. ಇನ್ನು ಮುಂದೆ ವಾಚನಾಲಯದಲ್ಲಿ ಎಲ್ಲ ವಿದ್ಯಾರ್ಥಿಗಳೂ ಪೂರ್ಣಾಸೀನರಾಗಿಯೇ ಓದತಕ್ಕದ್ದು. ಇದರ ಪರಿಶೀಲನೆಗಾಗಿ ಅಟೆಂಡರು ಪ್ರತಿ ವಿದ್ಯಾರ್ಥಿಯ ಬೆನ್ನು ಮತ್ತು ಹಲಗೆಯ ನಡುವೆ ಒಂದು ಬಿಳಿಯ ಕಾಗದವನ್ನು ಇಳಿಬಿಡತಕ್ಕದ್ದು. ಕಾಗದ ನಿಂತಲ್ಲಿ ವಿದ್ಯಾರ್ಥಿಯು ಮಹಾವಿದ್ಯಾಲಯಕ್ಕೆ ಸೇರಿದವನೆಂದೂ, ಕಾಗದ ನೆಲಕ್ಕೆ ಬಿದ್ದಲ್ಲಿ ಸೇರಿದವನಲ್ಲವೆಂದೂ ತಿಳಿಯತಕ್ಕದ್ದು. ಕಾಗದವು ಯಾರ ಪರವನ್ನೂ ವಹಿಸುವುದಿಲ್ಲ.

3. ಯಾರ ತಂದೆ ಅಥವಾ ತಾತ ಇದೇ ಮಹಾವಿದ್ಯಾಲಯದಲ್ಲಿ ಓದಿರುವರೋ, ಅಂಥವರಿಗೆ ಕಂಡಿಕೆ 2ರಿಂದ ವಿನಾಯಿತಿ ನೀಡಲಾಗಿದೆ. ಅವರು ಕುರ್ಚಿಯ ಕೈಯ ಮೇಲೆ ಕುಳಿತುಕೊಳ್ಳಬಹುದು, ಮೇಜಿನ ಮೇಲೆ ಕಾಲು ಚಾಚಬಹುದು, ಎರಡು ಕುರ್ಚಿಗಳನ್ನು ಜೋಡಿಸಿ ನಿದ್ರಿಸಬಹುದು. ಇದನ್ನು "ಆತ್ಮವಿಶ್ವಾಸ" ಎಂದು ದಾಖಲಿಸತಕ್ಕದ್ದು. ಇದೇ ಕೃತ್ಯವನ್ನು ಮೊದಲ ತಲೆಮಾರಿನ ವಿದ್ಯಾರ್ಥಿಯು ಎಸಗಿದಲ್ಲಿ "ಅಶಿಸ್ತು" ಎಂದು ದಾಖಲಿಸತಕ್ಕದ್ದು. ಎರಡರ ನಡುವಿನ ವ್ಯತ್ಯಾಸವನ್ನು ವಿವರಿಸುವಂತೆ ಕೋರಿ ಬಂದ ಅರ್ಜಿಗಳು ಪರಿಶೀಲನೆಯಲ್ಲಿದ್ದು, ಪರಿಶೀಲನೆಯಲ್ಲಿಯೇ ಇರುತ್ತವೆ.

4. ಖಾಲಿ ಕುರ್ಚಿಯ ಮುಂದೆ ನಿಂತು "ಇಲ್ಲಿ ಯಾರಾದ್ರೂ ಇದಾರಾ?" ಎಂದು ವಿಚಾರಿಸುವುದನ್ನು ನಿಷೇಧಿಸಲಾಗಿದೆ. ಕುರ್ಚಿಯು ಖಾಲಿ ಇರುವುದು ಕಣ್ಣಿಗೆ ಕಾಣುವ ಸಂಗತಿ. ಇಡೀ ವಾಚನಾಲಯವೇ ಖಾಲಿಯಿದ್ದ ದಿನ ಒಬ್ಬ ವಿದ್ಯಾರ್ಥಿಯು ಕಿಟಕಿಯನ್ನು ನೋಡಿ ಹೀಗೆ ಕೇಳಿ, ಉತ್ತರ ಬಾರದ ಕಾರಣ ಹಿಂತಿರುಗಿ ಹೋದದ್ದು ಇಲಾಖೆಯ ಗಮನಕ್ಕೆ ಬಂದಿದೆ.

5. ಯಾರೇ ಒಳಬಂದರೂ ಕುಳಿತವರು ಏಳತಕ್ಕದ್ದಲ್ಲ. ಉಪನ್ಯಾಸಕರು ಬಂದಾಗ, ಅಟೆಂಡರು ಬಂದಾಗ, ವಯಸ್ಸಾದವರು ಬಂದಾಗ ಸದರಿ ವಿದ್ಯಾರ್ಥಿಗಳು ಥಟ್ಟನೆ ಎದ್ದು ನಿಲ್ಲುವುದಲ್ಲದೆ, ಗುಡಿಸುವ ಹೆಂಗಸು ಬಂದಾಗಲೂ ಎದ್ದು ಕುರ್ಚಿ ಎತ್ತಿಕೊಡುತ್ತಿರುವುದು ಕಂಡುಬಂದಿದೆ. ಆಕೆಯು, "ನೀವು ಕೂತ್ಕೊಳ್ರಪ್ಪ. ನೀವು ಹಿಂಗೆ ಸಾಲಾಗಿ ಎದ್ದು ನಿಂತ್ರೆ ನಂಗೆ ಪೊರಕೆ ಹಿಡಿಯೋಕೇ ನಾಚ್ಕೆ ಆಗುತ್ತೆ" ಎಂದು ಮೇಲ್ವಿಚಾರಕರಲ್ಲಿ ಅಲವತ್ತುಕೊಂಡಿರುತ್ತಾಳೆ. ಈ ಕಂಡಿಕೆಗೆ ಯಾವ ವಿನಾಯಿತಿಯೂ ಇರುವುದಿಲ್ಲ. ಕರಡಿನಲ್ಲಿ "ಮೇಲಧಿಕಾರಿಗಳನ್ನು ಹೊರತುಪಡಿಸಿ" ಎಂದಿದ್ದುದನ್ನು ಮಾನ್ಯ ನಿರ್ದೇಶಕರು ಸ್ವತಃ ಹೊಡೆದುಹಾಕಿ, "ಯಾರಿಗೂ" ಎಂದು ಬರೆದು ಅಡಿಗೆರೆ ಎಳೆದಿರುತ್ತಾರೆ. ಸಮಾನತೆಯ ಬಗ್ಗೆ ನಿರ್ದೇಶಕರಿಗಿರುವ ಕಳಕಳಿಯನ್ನು ಇಲಾಖೆಯು ಹೃತ್ಪೂರ್ವಕವಾಗಿ ಸ್ಮರಿಸುತ್ತದೆ.

6. ಬದಲಿ ವ್ಯವಸ್ಥೆಗಳನ್ನು ಇಲಾಖೆಯು ಪರಿಶೀಲಿಸದೇ ಇಲ್ಲ. ಬೆನ್ನಿಲ್ಲದ ಉದ್ದ ಬೆಂಚನ್ನು ಪ್ರಾಯೋಗಿಕವಾಗಿ ಇರಿಸಲಾಗಿ, ಅದರ ಎರಡು ತುದಿಗಳಲ್ಲಿ ತಲಾ ಒಬ್ಬ ವಿದ್ಯಾರ್ಥಿ ಕುಳಿತು, ನಡುವಿನ ಜಾಗವನ್ನು ಮುಂದೆ ಬರಬಹುದಾದ ದೊಡ್ಡವರಿಗಾಗಿ ಬಿಟ್ಟಿದ್ದು ಕಂಡುಬಂದಿದೆ. ಕುರ್ಚಿಯ ಹಿಂಭಾಗವು ಬಳಕೆಯಾಗದ ಕಾರಣ ಬರೀ ಅಂಚನ್ನಷ್ಟೇ ಹೊಂದಿದ ಕುರ್ಚಿಗಳನ್ನು ಮಾಡಿಸುವಂತೆ ಲೆಕ್ಕಪತ್ರ ಶಾಖೆಯು ಸಲಹೆ ನೀಡಿತ್ತು. ಅಂಥ ಕುರ್ಚಿಯು ನಿಲ್ಲುವುದಿಲ್ಲವೆಂದು ಬಡಗಿಯು ತಿಳಿಸಿದ ಮೇರೆಗೆ ಸಲಹೆಯನ್ನು ವಿಷಾದಪೂರ್ವಕವಾಗಿ ಕೈಬಿಡಲಾಗಿದೆ.

7. ಮೂರು ಬಾರಿ ಅಂಚಾಸೀನರಾಗಿ ಕಂಡುಬಂದವರನ್ನು "ಸಂದರ್ಶಕರು" ಎಂದು ಪರಿಗಣಿಸಿ, ಅವರ ವಾಚನಾಲಯದ ಕಾರ್ಡನ್ನು ರದ್ದುಗೊಳಿಸತಕ್ಕದ್ದು. ಸಂದರ್ಶಕರು ವಾಚನಾಲಯವನ್ನು ಹೊರಗಿನಿಂದ, ಕಿಟಕಿಯ ಮೂಲಕ, ಗಾಜಿಗೆ ಮೂಗು ತಾಗದಂತೆ ನೋಡಬಹುದು.

8. ಸಿಬ್ಬಂದಿಯ ತಿಳಿವಳಿಕೆಗಾಗಿ ಒಂದು ಪ್ರಕರಣವನ್ನು ವಿವರವಾಗಿ ಕೊಡಲಾಗಿದೆ.

ಎರಡನೇ ವರ್ಷದ ಸದರಿ ವಿದ್ಯಾರ್ಥಿನಿಯ ತಂದೆಯು ಒಂದೇ ಕುರ್ಚಿಯ ಕ್ಷೌರದಂಗಡಿಯನ್ನು ನಡೆಸುತ್ತಿದ್ದಾರೆ. ಮುಂದೆ ಅಂಗಡಿ, ಹಿಂದೆ ಒಂದು ಕೋಣೆಯ ಮನೆ. ನಡುವೆ ಒಂದು ಬಾಗಿಲು. ಬಾಗಿಲು ತೆರೆದಿದ್ದರೆ ಗಿರಾಕಿಗಳ ರಾಜಕೀಯವೆಲ್ಲ ಒಳಗೆ ಬರುತ್ತದೆ. ಮುಚ್ಚಿದರೆ ಬೆಳಕು ಬರುವುದಿಲ್ಲ. ಆದ್ದರಿಂದ ವಾಚನಾಲಯದ ಹೊರತು ತನಗೆ ಓದಲು ಬೇರೆ ಜಾಗವಿಲ್ಲವೆಂದೂ, ವಾರ್ಷಿಕ ಪರೀಕ್ಷೆ ಹತ್ತಿರವಾಗಿದೆಯೆಂದೂ, ಕಾರ್ಡು ಹೋದರೆ ಓದೂ ಹೋದಂತೆಯೆಂದೂ ಆಕೆ ಮನವಿ ಮಾಡಿಕೊಂಡಿರುತ್ತಾಳೆ. ಇವು ವಿದ್ಯಾರ್ಥಿನಿಯ ಖಾಸಗಿ ಸಂಗತಿಗಳಾಗಿದ್ದು, ಕುರ್ಚಿಗೆ ಸಂಬಂಧಿಸಿದವಲ್ಲವೆಂದು ಟಿಪ್ಪಣಿ ಮಾಡಲಾಗಿದೆ. ಸಹಪಾಠಿಗಳು ಆಕೆಯನ್ನು "ತುದಿಗಾಲಮ್ಮ" ಎಂದು ಕರೆಯುತ್ತಿದ್ದು, ಈ ಹೆಸರನ್ನು ಇಲಾಖೆಯು ಅಧಿಕೃತವಾಗಿ ಬಳಸುವುದಿಲ್ಲ.

ಮೂರನೇ ಬಾರಿ ಕಾಗದ ಬಿದ್ದ ನಂತರ ಆಕೆಯನ್ನು ವಿಚಾರಣಾ ಸಮಿತಿಯ ಮುಂದೆ ಕರೆಸಲಾಯಿತು. ತಂದೆಯೂ ಅಂಗಡಿಯನ್ನು ಅರ್ಧ ದಿನ ಮುಚ್ಚಿ ಬಂದಿದ್ದರು. ನಡಾವಳಿಯ ಅಗತ್ಯ ಭಾಗ ಹೀಗಿದೆ:

ಅಧ್ಯಕ್ಷರು: ಸರಿಯಾಗಿ ಕೂತ್ಕೊಳ್ಳಮ್ಮ.

ವಿದ್ಯಾರ್ಥಿನಿ: ಕೂತಿದೀನಿ ಸಾರ್.

ಅಧ್ಯಕ್ಷರು: ಇದು ಕೂರೋದಾ? ತಂತಿ ಮೇಲೆ ಗುಬ್ಬಿ ಕೂತ ಹಾಗಿದೆ. ಅಷ್ಟು ದೊಡ್ಡ ಕುರ್ಚಿ ಕೊಟ್ಟಿದೀವಿ, ಪೂರ್ತಿ ಕೂರೋಕೆ ಏನು ಕಷ್ಟ?

ವಿದ್ಯಾರ್ಥಿನಿ: ನಮ್ಮ ಅಂಗಡೀಲಿ ಇರೋದು ಒಂದೇ ಕುರ್ಚಿ ಸಾರ್. ಗಿರಾಕಿ ಇಲ್ದಾಗ ಅದರ ತುದೀಲಿ ಕೂತು ಓದ್ಕೋತಿದ್ದೆ. ಬಾಗಿಲಲ್ಲಿ ನೆರಳು ಕಂಡ್ರೆ ಸಾಕು, ಎದ್ದು ಕುರ್ಚಿ ಒರೆಸಿ ಬಿಡಬೇಕು. ಹಿಂದಕ್ಕೆ ಸರಿದು ಕೂತ್ರೆ ಏಳೋದು ತಡ ಆಗುತ್ತೆ. ಅಷ್ಟರಲ್ಲಿ ಗಿರಾಕಿ ಎದುರು ಅಂಗಡಿಗೆ ಹೋಗಿಬಿಡ್ತಾನೆ.

ಅಧ್ಯಕ್ಷರು: ಇಲ್ಲಿ ಯಾವ ಗಿರಾಕಿ ಬರ್ತಾನಮ್ಮ?

ವಿದ್ಯಾರ್ಥಿನಿ: ಅದು ನಂಗೆ ಗೊತ್ತು ಸಾರ್. ನನ್ನ ಕಾಲಿಗೆ ಗೊತ್ತಿಲ್ಲ.

ತಂದೆ: ಒರಗ್ಕೊಳೇ ಮಗಳೇ. ಅಷ್ಟು ಹೇಳ್ತಿದಾರೆ ಸಾಹೇಬ್ರು. ಕುರ್ಚಿ ಏನು ಕಚ್ಚುತ್ತಾ?

ವಿದ್ಯಾರ್ಥಿನಿ: ಏಳೇ, ಏಳೇ ಅಂತ ದಿನಾ ಜೀವ ತಿಂದಿದ್ದು ನೀನೇ ಅಲ್ವಾ ಅಪ್ಪಾ?

ತಂದೆ: ಅದು ನಮ್ಮ ಕುರ್ಚಿ ಕಣೇ. ಇದು ಸರ್ಕಾರದ್ದು. ಇದಕ್ಕೆ ಗಿರಾಕಿ ಕಮ್ಮಿಯಾದ್ರೂ ನಷ್ಟ ಇಲ್ಲ.

ತಂದೆಗೂ ಆಸನ ನೀಡಲಾಯಿತು. ಅವರು, "ಬೇಡಿ ಸಾರ್, ನಂಗೆ ಕುರ್ಚಿ ಹಿಂದೆ ನಿಂತೇ ಅಭ್ಯಾಸ. ಕೂತ್ಬಿಟ್ರೆ ಈ ಕೈಗಳನ್ನ ಎಲ್ಲಿಟ್ಕೋಬೇಕು ಅಂತ ಗೊತ್ತಾಗಲ್ಲ" ಎಂದು ನಿರಾಕರಿಸಿ, ಮಾತನಾಡುತ್ತ ಅಧ್ಯಕ್ಷರ ಕುರ್ಚಿಯ ಹಿಂದೆ ಬಂದು ನಿಂತರು. ಆಗ ಅಧ್ಯಕ್ಷರು ತಮಗರಿವಿಲ್ಲದೆಯೇ ಕಾಲರನ್ನು ಸಡಿಲಿಸಿ ಕತ್ತನ್ನು ಮುಂದಕ್ಕೆ ಬಾಗಿಸಿದ ಸಂಗತಿಯನ್ನು ನಡಾವಳಿಯಿಂದ ತೆಗೆದುಹಾಕಲಾಗಿದೆ.

9. ಕೊನೆಗೆ ವಿದ್ಯಾರ್ಥಿನಿಯು ಒರಗಲು ಒಪ್ಪಿದಳು. ಚೀಲವನ್ನು ನೆಲಕ್ಕಿಟ್ಟು, ಹಿಂದಕ್ಕೆ ಸರಿದು, ಸೊಂಟವನ್ನು ಜಾರಿಸಿ, ಕತ್ತನ್ನು ಹಲಗೆಯ ಮೇಲಂಚಿಗೆ ಆನಿಸಿ, ಗದ್ದವನ್ನು ಛಾವಣಿಯತ್ತ ಎತ್ತಿ, ಕಣ್ಣು ಮುಚ್ಚಿದಳು. ಸಮಿತಿಯ ರಸಾಯನಶಾಸ್ತ್ರದ ಸದಸ್ಯರು ಆಕೆ ಮೂರ್ಛೆ ಹೋದಳೆಂದು ನೀರು ತರಿಸಿದರು. ವಿದ್ಯಾರ್ಥಿನಿಯು ಕಣ್ಣು ತೆರೆಯದೆಯೇ, "ಒರಗೋದು ಅಂದ್ರೆ ಹಿಂಗೇ ಅಲ್ವಾ ಸಾರ್? ನಮ್ಮಲ್ಲಿಗೆ ಗಡ್ಡ ತೆಗೆಸೋಕೆ ಬರೋ ದೊಡ್ಡೋರೆಲ್ಲ ಹಿಂಗೇ ಒರಗೋದು" ಎಂದು ವಿಚಾರಿಸಿದಳು. ಆಕೆ ಹುಟ್ಟಿದಾರಭ್ಯ ನೋಡಿದ ಒರಗುವಿಕೆ ಅದೊಂದೇ ಆಗಿದ್ದು, ತಂದೆಯು ಅದನ್ನು ಸರಿಯೆಂದೇ ದೃಢೀಕರಿಸಿದರು.

ಇದನ್ನು "ಅತ್ಯಾಸೀನ" ಎಂಬ ಹೊಸ ವರ್ಗದಲ್ಲಿ ಸೇರಿಸಿ, ಅಂಚಾಸೀನಕ್ಕೆ ಸಮನಾದ ತಪ್ಪೆಂದು ಘೋಷಿಸಲಾಗಿದೆ. ಸರಿಯಾದ ಪ್ರಮಾಣವು ಇವೆರಡರ ನಡುವೆ ಎಲ್ಲೋ ಇದ್ದು, ಅದು ಗೊತ್ತಿರುವವರಿಗೆ ಗೊತ್ತಿರುತ್ತದೆ.

10. ಆದರೂ ಇಲಾಖೆಯು ಉದಾರವಾದದ್ದು. ಆಕೆಗೆ ಇನ್ನೊಂದು ಅವಕಾಶವನ್ನಿತ್ತು, ತರಬೇತಿ ನೀಡಲು ಮೂರನೇ ತಲೆಮಾರಿನ ವಿದ್ಯಾರ್ಥಿಯೊಬ್ಬನನ್ನು ನೇಮಿಸಲಾಯಿತು. ಆತನ ತಾತನ ಭಾವಚಿತ್ರವು ವಾಚನಾಲಯದ ಗೋಡೆಯ ಮೇಲೆಯೇ ಇದ್ದು, ಅದರಲ್ಲಿಯೂ ತಾತನವರು ಒರಗಿಯೇ ಇದ್ದಾರೆ. ತರಬೇತಿಯ ಸಾರಾಂಶ:

"ಏನೂ ಮಾಡ್ಬೇಡ. ಸುಮ್ನೆ ಬಿಟ್ಬಿಡು."

"ಏನನ್ನ ಬಿಡ್ಬೇಕು?"

"ಅದೇ... ಒಳಗೆ ಹಿಡ್ಕೊಂಡಿದೀಯಲ್ಲ, ಅದನ್ನ."

"ನೀನು ಹೆಂಗೆ ಬಿಟ್ಟೆ?"

"ನಾನು ಹಿಡ್ಕೊಂಡೇ ಇರ್ಲಿಲ್ವಲ್ಲ."

ತರಬೇತಿಯು ಇಲ್ಲಿಗೆ ಮುಕ್ತಾಯವಾಯಿತು. ತರಬೇತುದಾರನಿಗೆ ಪ್ರಶಂಸಾಪತ್ರ ನೀಡಲಾಗಿದೆ.

ವಿದ್ಯಾರ್ಥಿನಿಯು ತಾನಾಗಿಯೇ ಮನೆಯಲ್ಲಿ ಗೋಡೆಗೆ ಒರಗಿ ಅಭ್ಯಾಸ ಮಾಡಿದ್ದಾಗಿಯೂ, ಅದನ್ನು ಕಂಡ ಅಜ್ಜಿಯು, "ಅಯ್ಯೋ, ದೊರೆಸಾನಿ ಬಂದಿದಾಳೆ, ಬೀಸಣಿಗೆ ತನ್ರೋ! ನಾಲ್ಕಕ್ಷರ ಕಲಿತ್ಲು ಅಂತ ಗೋಡೇನೇ ಬೀಳಿಸ್ತಾಳೆ" ಎಂದು ನಕ್ಕಿದ್ದಾಗಿಯೂ, "ಇಲ್ಲಿ ತುದೀಲಿ ಕೂತ್ರೆ ನೀವು ಬೈತೀರ, ಅಲ್ಲಿ ಒರಗಿದ್ರೆ ಅಜ್ಜಿ ಆಡ್ಕೋತಾಳೆ, ನಾನು ಎಲ್ಲಿ ಹೆಂಗೆ ಕೂರ್ಬೇಕು ಅಂತ ಒಂದು ಸಲ ಹೇಳ್ಬಿಡಿ ಸಾರ್" ಎಂದು ಮೇಲ್ವಿಚಾರಕರಲ್ಲಿ ಅರಿಕೆ ಮಾಡಿಕೊಂಡಿರುತ್ತಾಳೆ. ಅಜ್ಜಿಯು ಇಲಾಖೆಯ ವ್ಯಾಪ್ತಿಗೆ ಬರುವುದಿಲ್ಲವಾದ್ದರಿಂದ ಅರಿಕೆಯನ್ನು ಮುಕ್ತಾಯಗೊಳಿಸಲಾಗಿದೆ.

11. ಆಕೆಯ ಆಸೀನತೆಯ ಅಂತಿಮ ಪರೀಕ್ಷೆಯನ್ನು ವಾಚನಾಲಯದಲ್ಲಿಯೇ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ನಡೆಸಲಾಯಿತು. ಸಂಜೆ ಮುಚ್ಚುವ ಗಂಟೆ ಬಾರಿಸುವವರೆಗೆ ಬೆನ್ನಿನ ಕಾಗದ ಬೀಳದಂತೆ ಓದಿದಲ್ಲಿ ಕಾರ್ಡು ಉಳಿಯತಕ್ಕದ್ದೆಂದು ಆದೇಶವಾಗಿತ್ತು. ವಾರ್ಷಿಕ ಪರೀಕ್ಷೆಗಳ ಕಾಲವಾದ್ದರಿಂದ ಅಂದು ಎಲ್ಲ ಕುರ್ಚಿಗಳೂ ತುಂಬಿದ್ದವು.

ಮಧ್ಯಾಹ್ನದವರೆಗೆ ಕಾಗದ ನಡುಗಿದ್ದು ಕಂಡುಬಂದಿದೆ. ಆಮೇಲೆ ಅದೂ ನಿಂತಿತು. ಆಕೆಯ ಭುಜಗಳು ಇಳಿದವು. ನೆಲವನ್ನು ಒತ್ತಿ ಹಿಡಿದಿದ್ದ ಪಾದಗಳು ಸಡಿಲಗೊಂಡವು. ಒಂದು ಮೊಣಕೈ ಕುರ್ಚಿಯ ಕೈಯ ಮೇಲೆ ತಾನಾಗಿಯೇ ಬಂದು ಕುಳಿತಿತು. ಪುಟ ತಿರುವುವಾಗ ಆಕೆ ಬಾಗಿಲ ಕಡೆ ನೋಡುವುದನ್ನೂ ಮರೆತಿದ್ದಳು. ಅಟೆಂಡರು ಇದನ್ನು ನೋಡಿ, "ಕೂತ್ಲು ನೋಡಿ ಸಾರ್, ಕೂತೇಬಿಟ್ಲು" ಎಂದು ಮೇಲ್ವಿಚಾರಕರ ಕಿವಿಯಲ್ಲಿ ಹೇಳಿದ್ದು ಕರ್ತವ್ಯಲೋಪವಾಗಿದೆ.

ಗಂಟೆ ಬಾರಿಸಲು ಸ್ವಲ್ಪವೇ ಸಮಯವಿದ್ದಾಗ, ಸುಧಾರಣೆಯ ಯಶಸ್ಸನ್ನು ಕಣ್ಣಾರೆ ಕಾಣುವ ಸಲುವಾಗಿ ಮಾನ್ಯ ನಿರ್ದೇಶಕರು ಪೂರ್ವಸೂಚನೆಯಿಲ್ಲದೆ ಆಗಮಿಸಿದರು. ಕಂಡಿಕೆ 5ರನ್ವಯ ಯಾರೂ ಏಳಲಿಲ್ಲ. ಮೇಲ್ವಿಚಾರಕರೂ ನಿಯಮವನ್ನು ನೆನೆದು ಕುಳಿತೇ ನಮಸ್ಕರಿಸಿದರು. ನಿರ್ದೇಶಕರು ಶಿಸ್ತಿನ ಈ ದೃಶ್ಯವನ್ನು ನಿಂತುಕೊಂಡೇ ಮೆಚ್ಚಿದರು. ಬಳಿಕ ಒಂದು ಕಪಾಟಿಗೆ ಕೈಯಾನಿಸಿ ಮೆಚ್ಚಿದರು. ಇತ್ತೀಚೆಗೆ ಮಂಡಿಯ ಶಸ್ತ್ರಚಿಕಿತ್ಸೆಗೆ ಒಳಗಾಗಿದ್ದ ಅವರು ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ವರ್ಗಾಯಿಸುತ್ತ, ಸುತ್ತಲೂ ನೋಡುತ್ತ, ಹಣೆಯ ಬೆವರನ್ನು ಒರೆಸಿಕೊಂಡರು. ಪೂರ್ಣಾಸೀನರಾಗಿದ್ದ ಎಲ್ಲರೂ ಪುಸ್ತಕದಲ್ಲಿ ಮುಳುಗಿದ್ದರು.

ಕಾಗದ ಬಿತ್ತು.

"ಕೂತ್ಕೊಳ್ಳಿ ಸಾರ್" ಎಂದು ವಿದ್ಯಾರ್ಥಿನಿಯು ಎದ್ದು ನಿಂತು, ದುಪಟ್ಟಾದ ತುದಿಯಿಂದ ಕುರ್ಚಿಯನ್ನು ಒರೆಸಿದಳು.

"ಬೇಡಮ್ಮ. ನಿಂಗೆ ಪರೀಕ್ಷೆ ನಡೀತಿದೆಯಲ್ಲ?"

"ಹೌದು ಸಾರ್, ಗೊತ್ತು."

"ಗೊತ್ತಿದ್ದೂ ಎದ್ಯಾ?"

"ನಿಂತೂ ನಿಂತೂ ಕಾಲು ಏನಾಗುತ್ತೆ ಅಂತ ಮನೇಲಿ ದಿನಾ ನೋಡ್ತೀನಿ ಸಾರ್. ರಾತ್ರಿ ಅಪ್ಪನ ಕಾಲಿಗೆ ಎಣ್ಣೆ ತಿಕ್ಕೋದು ನಾನೇ. ನಿಯಮ ನೋಡ್ಕೊಂಡು ಸುಮ್ನೆ ಕೂರೋಕೆ ಆಗ್ಲಿಲ್ಲ."

ನಿರ್ದೇಶಕರು ಕುಳಿತರು. ಬೆನ್ನು ಹಲಗೆಗೆ ತಾಗಿತು, ಮೊಣಕೈಗಳು ಕುರ್ಚಿಯ ಕೈಗಳ ಮೇಲೆ ನೆಲೆಸಿದವು, ಬಾಯಿಂದ "ಅಬ್ಬಾ" ಎಂಬ ಉದ್ಗಾರ ಹೊರಟಿತು. ಇದನ್ನು ಆದರ್ಶ ಪೂರ್ಣಾಸೀನವೆಂದು ದಾಖಲಿಸಿ, ಚಿತ್ರ ತೆಗೆದು ಸೂಚನಾ ಫಲಕದಲ್ಲಿ ಅಂಟಿಸಲಾಗಿದೆ. ತದನಂತರ ಅವರು ಅದೇ ಕುರ್ಚಿಯಲ್ಲಿ ಕುಳಿತು, ಅದೇ ಕುರ್ಚಿಯ ಕೈಯ ಮೇಲೆ ಕಾಗದವನ್ನಿಟ್ಟು, ನಾಲ್ಕನೇ ಬಾರಿಯ ಉಲ್ಲಂಘನೆಗಾಗಿ ವಿದ್ಯಾರ್ಥಿನಿಯ ಕಾರ್ಡನ್ನು ರದ್ದುಗೊಳಿಸುವ ಆದೇಶಕ್ಕೆ ಸಹಿ ಮಾಡಿದರು. ಸಹಿ ಮಾಡುವಾಗ ಅವರಿಗೆ ತೀವ್ರ ವಿಷಾದವಾಯಿತು. ವಿಷಾದವು ಸಹಿಗೆ ಅಡ್ಡಿಯಾಗಲಿಲ್ಲ.

"ಇನ್ಮೇಲೆ ಎಲ್ಲಿ ಓದ್ತೀಯಮ್ಮ?" ಎಂದು ಮೇಲ್ವಿಚಾರಕರು ಕೇಳಿದ್ದಕ್ಕೆ ಆಕೆ, "ಕಾರಿಡಾರಲ್ಲಿ ಲೈಟಿದೆಯಲ್ಲ ಸಾರ್, ನಿಂತು ಓದ್ತೀನಿ. ನಿಂತು ಓದೋಕೆ ನಿಮ್ಮಲ್ಲಿ ನಿಯಮ ಇಲ್ಲ ತಾನೇ?" ಎಂದು ಉತ್ತರಿಸಿರುತ್ತಾಳೆ. ನಿಯಮಗಳಲ್ಲಿ ಇಂಥದೊಂದು ಲೋಪವಿದ್ದುದು ಇಲಾಖೆಗೆ ತಿಳಿದಿರಲಿಲ್ಲ. ಕಾರಿಡಾರಿನ ದೀಪವನ್ನು ಕೂಡಲೇ ತೆಗೆಸಲಾಗಿದೆ.

12. ಈ ಪ್ರಕರಣದಿಂದ ಸಿಬ್ಬಂದಿಯು ಗ್ರಹಿಸತಕ್ಕದ್ದೇನೆಂದರೆ, ಸುಧಾರಣೆಯು ಸಂಪೂರ್ಣ ಯಶಸ್ವಿಯಾಗಿದೆ. ಕಿಟಕಿಯ ಪಕ್ಕದ ಕುರ್ಚಿಯ ಅಂಚು ಅಂದಿನಿಂದ ಸವೆದಿಲ್ಲ. ಅದರಲ್ಲಿ ಯಾರೂ ಕೂರುತ್ತಿಲ್ಲ. ಮೊದಲ ತಲೆಮಾರಿನ ಇತರ ವಿದ್ಯಾರ್ಥಿಗಳು ಆ ಕುರ್ಚಿಯ ಬಳಿಗೆ ಬಂದಾಗ ಒಂದು ಕ್ಷಣ ನಿಂತು, ಬೇರೆಡೆಗೆ ಹೋಗುತ್ತಿದ್ದಾರೆ.

ಈ ಸೂಚನೆಗಳನ್ನು ಓದಿಕೊಂಡು, ಅರ್ಥವಾಗದಿದ್ದರೂ ಅರ್ಥವಾದವರಂತೆ ಜಾರಿಗೊಳಿಸತಕ್ಕದ್ದೆಂದು ಎಲ್ಲ ಸಂಬಂಧಪಟ್ಟವರಿಗೆ, ಹಾಗೂ ಇಲ್ಲಿಗೂ ತಮಗೂ ಏನೂ ಸಂಬಂಧವಿಲ್ಲವೆಂದು ಭಾವಿಸಿರುವವರಿಗೆ, ಈ ಮೂಲಕ ತಿಳಿಯಪಡಿಸಲಾಗಿದೆ.

ಸಹಿ/-
(ಕುಳಿತಲ್ಲಿಂದ)
ಉಪನಿರ್ದೇಶಕರು, ಆಸನ ಮತ್ತು ಆಸೀನತೆ
ನಿರ್ದೇಶಕರ ಪರವಾಗಿ

ಪ್ರತಿಗಳು:

1. ಮಾನ್ಯ ನಿರ್ದೇಶಕರ ಆಪ್ತ ಸಹಾಯಕರಿಗೆ, ನಿರ್ದೇಶಕರ ಮಂಡಿಯ ಮಾಹಿತಿಯೊಂದಿಗೆ ಕಡತದಲ್ಲಿಡಲು.

2. ವಾಚನಾಲಯದ ಮೇಲ್ವಿಚಾರಕರಿಗೆ. ನಿಟ್ಟುಸಿರನ್ನು ಇನ್ನು ಮುಂದೆ ಲಿಖಿತವಾಗಿಯೇ ಸಲ್ಲಿಸತಕ್ಕದ್ದು.

3. ಪೀಠೋಪಕರಣ ತಪಾಸಣಾಧಿಕಾರಿಗಳಿಗೆ. ಮುಂದಿನ ವರದಿಯಲ್ಲಿ ಬೆಳಕು, ನೆರಳು ಮತ್ತು ಹೊಳೆಯನ್ನು ಕೈಬಿಡುವುದು.

4. ಬಡಗಿಗೆ, ಮಾಹಿತಿಗಾಗಿ. ಅಭಿಪ್ರಾಯ ಕೇಳಿಲ್ಲ.

5. ಸದರಿ ವಿದ್ಯಾರ್ಥಿನಿಯ ತಂದೆಗೆ. ಅಂಗಡಿಯಲ್ಲಿ ಗಿರಾಕಿಗಳಿಗೆ ಕಾಣುವಂತೆ ತೂಗುಹಾಕಲು.

6. ಸದರಿ ವಿದ್ಯಾರ್ಥಿನಿಗೆ, ಖುದ್ದಾಗಿ ತಲುಪಿಸಿ ಸಹಿ ಪಡೆಯುವುದು.

(ಕ್ರಮಸಂಖ್ಯೆ 6ರ ಪ್ರತಿಯ ಮೇಲೆ ಅಟೆಂಡರ ಕೈಬರಹದ ಷರಾ: ತಲುಪಿಸಲಾಗಲಿಲ್ಲ. ವಾಚನಾಲಯದ ಪುಸ್ತಕ ವಾಪಸು ಕೊಟ್ಟು ಹೊರಟಿದ್ದಳು. ಹಿಂದಿನಿಂದ ಕರೆದೆ. ನಾನೂ ಹೊರಗೆ ಬರುತ್ತಿದ್ದೇನೆಂದುಕೊಂಡು, ನನಗಾಗಿ ಬಾಗಿಲನ್ನು ಹಿಡಿದುಕೊಂಡು ನಿಂತಳು. ಆಮೇಲೆ ನನ್ನ ಕೈಯಲ್ಲಿದ್ದ ಕಾಗದವನ್ನು ನೋಡಿದಳು. ಬಾಗಿಲಿನಿಂದ ಕೈ ತೆಗೆದಳು. ಅದು ನಮ್ಮಿಬ್ಬರ ನಡುವೆ ಮೆಲ್ಲಗೆ ಮುಚ್ಚಿಕೊಂಡಿತು.)